ತಿಮ್ಮೇಗೌಡರ ಕಾರಿಗೆ ಎರಡು ಸಲ ವೈರಿಂಗ್ ಹಾಕಿದ್ದು

2022ರ ಬೇಸಿಗೆಯ ಮಾತು. ಹಾಸನದಲ್ಲಿ ಹೊಳೆನರಸೀಪುರ ರಸ್ತೆಯ ಪಕ್ಕ ನನ್ನ ಆಟೋ ಎಲೆಕ್ಟ್ರಿಕಲ್ ಅಂಗಡಿ ಶುರುವಾಗಿ ಆಗ ಇಪ್ಪತ್ತೊಂಬತ್ತು ವರ್ಷ. ಲಾರಿ, ಬಸ್ಸು, ಟ್ರ್ಯಾಕ್ಟರ್, ಕಾರು, ಹೀಗೆ ಬ್ಯಾಟರಿ ಇರುವ ಯಾವ ಗಾಡಿ ಬಂದರೂ ನೋಡುತ್ತಿದ್ದೆ. ನನ್ನ ಕೈಯಲ್ಲಿ ಆಗದ ಕೆಲಸ ಕಡಿಮೆ ಎಂಬ ಸಣ್ಣ ಅಹಂಕಾರವೂ ಇತ್ತು. ಆ ವರ್ಷ ಮಾರ್ಚ್‌ನಿಂದ ಮೇ ತನಕ ಒಂದೇ ಒಂದು ಕಾರು ಆ ಅಹಂಕಾರವನ್ನೆಲ್ಲ ಇಳಿಸಿತು. ಅಷ್ಟೇ ಆಗಿದ್ದರೆ ಇದನ್ನು ಬರೆಯುವ ಅಗತ್ಯ ಇರುತ್ತಿರಲಿಲ್ಲ. ಆ ಕಾರಿನಲ್ಲಿ ಕೂರುತ್ತಿದ್ದ ಮನುಷ್ಯನ ಜೀವ ನನ್ನ ಕೆಲಸದ ಮೇಲೆ ನಿಂತಿತ್ತು.

ಆತನ ಹೆಸರು ತಿಮ್ಮೇಗೌಡ. ಅರಕಲಗೂಡಿಗೂ ಹೊಳೆನರಸೀಪುರಕ್ಕೂ ನಡುವಿನ ಒಂದು ಹಳ್ಳಿಯವರು. ಮೂವತ್ತು ವರ್ಷ ಅರಕಲಗೂಡಿನಲ್ಲಿ ಟ್ಯಾಕ್ಸಿ ಓಡಿಸಿದವರು. ಹಿಂದೆ ಎಲ್ಲ ಟ್ಯಾಕ್ಸಿ ಸ್ಟ್ಯಾಂಡಿನಲ್ಲೂ ನಿಲ್ಲುತ್ತಿತ್ತಲ್ಲ, ದುಂಡು ಮೈಯ ಆ ಹಳೆಯ ಪೆಟ್ರೋಲ್ ಕಾರು, ಅದೇ ಅವರ ಗಾಡಿ. ಒಂದು ಅಪಘಾತದಲ್ಲಿ ಬಲಗಾಲಿಗೆ ರಾಡ್ ಹಾಕಿದ ಮೇಲೆ ಮಂಡಿ ಮಡಚಲು ಬರುತ್ತಿರಲಿಲ್ಲ. ಆಮೇಲೆ ಎರಡೂ ಕಿಡ್ನಿ ಕೈಕೊಟ್ಟವು. ಸೋಮವಾರ ಮತ್ತು ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಹಾಸನದಲ್ಲಿ ಡಯಾಲಿಸಿಸ್. ಕಾರು ಓಡಿಸುತ್ತಿದ್ದವರು ಅವರ ಹೆಂಡತಿ ಜಯಮ್ಮ. ಗಂಡ ಹಾಸಿಗೆ ಹಿಡಿದ ಮೇಲೆ ಐವತ್ತರ ವಯಸ್ಸಿನಲ್ಲಿ ಸ್ಟೇರಿಂಗ್ ಹಿಡಿಯಲು ಕಲಿತು ಲೈಸೆನ್ಸ್ ಮಾಡಿಸಿಕೊಂಡ ಹೆಂಗಸು.

ಬೇರೆ ಕಾರು ಯಾಕೆ ಮಾಡಿಕೊಳ್ಳಬಾರದು ಎಂದು ನಾನೂ ಕೇಳಿದ್ದೆ. ಈಗಿನ ಕಾರುಗಳ ಬಾಗಿಲಿನಲ್ಲಿ ಮಡಚದ ಕಾಲನ್ನು ಒಳಗೆ ತೂರಿಸುವುದೇ ಕಷ್ಟ. ಆ ಹಳೇ ಕಾರಿನ ಮುಂದಿನ ಸೀಟು ಉದ್ದನೆಯ ಬೆಂಚು. ಎತ್ತರ ಸರಿಯಾಗಿತ್ತು, ಕಾಲು ನೀಡಲು ಜಾಗ ಇತ್ತು. ಎರಡು ಮೂರು ಬಾಡಿಗೆ ಕಾರು ನೋಡಿ, ನೋವು ತಡೆಯಲಾರದೆ ಬಿಟ್ಟಿದ್ದರು.

ಮಾರ್ಚ್‌ನಲ್ಲಿ ಆ ಕಾರಿನ ಎಂಜಿನ್ ಬ್ಲಾಕ್ ಬಿರುಕು ಬಿಟ್ಟಿತು. ರಿಪೇರಿ ಮಾಡುವ ಹಾಗಿರಲಿಲ್ಲ. ಹಳೆಯ ಎಂಜಿನ್ ಇನ್ನೊಂದು ಸಿಗಲಿಲ್ಲ, ಸಿಕ್ಕಿದ್ದೂ ಸವೆದು ಹೋದದ್ದು. ನನ್ನ ಪಕ್ಕದ ಶೆಡ್ಡಿನ ಮೆಕ್ಯಾನಿಕ್ ಮುನೀರ್ ಭಾಯ್ ಹೊಸ ಕಾಲದ ಎಂಜಿನ್ ಕೂರಿಸೋಣ ಎಂದ. ಹಿಂದಿನಿಂದ ಲಾರಿ ಗುದ್ದಿ ಗುಜರಿಗೆ ಬಂದ ಸಣ್ಣ ಕಾರೊಂದು ಚನ್ನರಾಯಪಟ್ಟಣದ ಹೈವೇ ಬದಿಯ ಗುಜರಿ ಯಾರ್ಡಿನಲ್ಲಿತ್ತು. ಅದರ ಎಂಜಿನ್ ಚೆನ್ನಾಗಿತ್ತು. ಎಂಜಿನ್ ಬದಲಿಸಲು ಆರ್.ಟಿ.ಒ. ಅನುಮತಿ ಬೇಕು. ಜಯಮ್ಮನೇ ಓಡಾಡಿ ಅರ್ಜಿ ಹಾಕಿ ಅದನ್ನು ಮಾಡಿಸಿಕೊಂಡು ಬಂದರು. ಅಷ್ಟು ದಿನವೂ ತಿಮ್ಮೇಗೌಡರು ಡಯಾಲಿಸಿಸ್‌ಗೆ ಬಂದದ್ದು ಊರಿನವರೊಬ್ಬರ ಪಿಕಪ್ ಗಾಡಿಯ ಹಿಂದೆ, ಹಾಸಿಗೆ ಹಾಸಿಕೊಂಡು, ಬಿಸಿಲಿಗೆ ಟಾರ್ಪಾಲಿನ್ ಕಟ್ಟಿಕೊಂಡು. ಬರುವಾಗ ಹೇಗೋ ಬರುತ್ತಿದ್ದರು. ಡಯಾಲಿಸಿಸ್ ಮುಗಿಸಿ ಸುಸ್ತಾದ ಮೈಯನ್ನು ಆ ಕುಲುಕಾಟದಲ್ಲಿ ಊರಿಗೆ ಸೇರಿಸುವುದು ದೊಡ್ಡ ಕಷ್ಟ.

ಹೋಗುವಾಗ ಬರುವಾಗ ಜಯಮ್ಮ ನನ್ನ ಅಂಗಡಿ ಮುಂದೆ ಪಿಕಪ್ ನಿಲ್ಲಿಸಿ ಇಳಿದು ಬರುತ್ತಿದ್ದರು.

"ಅಣ್ಣ, ಇನ್ನೆಷ್ಟು ದಿನ ಆಯ್ತದೆ?"

ಒಂದೇ ಪ್ರಶ್ನೆ. ಸಿಟ್ಟಿರಲಿಲ್ಲ. ಆದರೆ ಸೋಮವಾರ ಗುರುವಾರ ಬಂತೆಂದರೆ ಬೆಳಿಗ್ಗೆಯಿಂದಲೇ ನನ್ನ ಕಣ್ಣು ರಸ್ತೆಯ ಮೇಲಿರುತ್ತಿತ್ತು.

ಈಗ ಕೆಲಸದ ವಿಷಯ ಸ್ವಲ್ಪ ಹೇಳಬೇಕು. ಹಳೆಯ ಕಾರಿನ ಎಂಜಿನ್‌ಗೆ ನಾಲ್ಕೈದು ತಂತಿ ಕೊಟ್ಟರೆ ಸಾಕು, ಓಡುತ್ತದೆ. ಹೊಸ ಎಂಜಿನ್ ಹಾಗಲ್ಲ. ಯಾವ ಕ್ಷಣಕ್ಕೆ ಎಷ್ಟು ಪೆಟ್ರೋಲ್ ಬಿಡಬೇಕು, ಯಾವಾಗ ಕಿಡಿ ಕೊಡಬೇಕು ಎಂದು ಲೆಕ್ಕ ಹಾಕಲು ಅದಕ್ಕೆ ಇ.ಸಿ.ಯು. ಎಂಬ ಒಂದು ಎಲೆಕ್ಟ್ರಾನಿಕ್ ಪೆಟ್ಟಿಗೆ ಇರುತ್ತದೆ. ಆ ಪೆಟ್ಟಿಗೆಯಿಂದ ಎಂಜಿನ್ನಿನ ಮೂಲೆಮೂಲೆಯ ಸೆನ್ಸರ್‌ಗಳಿಗೆ, ಪೆಟ್ರೋಲ್ ಪಂಪಿಗೆ, ಫ್ಯೂಸ್ ಬಾಕ್ಸಿಗೆ ಹೋಗುವ ತಂತಿಗಳನ್ನೆಲ್ಲ ಒಟ್ಟಿಗೆ ಸುತ್ತಿದ ಕಟ್ಟಿಗೆ ವೈರಿಂಗ್ ಹಾರ್ನೆಸ್ ಎನ್ನುತ್ತಾರೆ. ಎಂಜಿನ್ ಬದಲಿಸುವಾಗ ಕಬ್ಬಿಣದ ಕೆಲಸ ಕಣ್ಣಿಗೆ ಕಾಣುತ್ತದೆ. ಗಾಡಿ ದಾರಿಯಲ್ಲಿ ಕೈಕೊಡುವುದು ಮಾತ್ರ ಹೆಚ್ಚಾಗಿ ಈ ಹಾರ್ನೆಸ್ಸಿನಿಂದ.

ನನ್ನ ಮುಂದೆ ಮೂರು ದಾರಿ ಇದ್ದವು. ಒಂದು, ಗುಜರಿ ಕಾರಿನ ಹಾರ್ನೆಸ್ಸನ್ನು ಫ್ಯೂಸ್ ಬಾಕ್ಸ್ ಸಮೇತ ಇಡಿಯಾಗಿ, ಎಲ್ಲೂ ಕತ್ತರಿಸದೆ ಬಿಚ್ಚಿ ತಂದು, ಬೇಡದ ತಂತಿ ತೆಗೆದು ಹಳೇ ಕಾರಿಗೆ ಹಾಕುವುದು. ಇದಕ್ಕೆ ಗುಜರಿ ಕಾರಿನ ಡ್ಯಾಶ್‌ಬೋರ್ಡನ್ನೆಲ್ಲ ಬಿಚ್ಚಬೇಕು. ಒಂದು ಪೂರ್ತಿ ದಿನದ ಕೆಲಸ. ಎರಡು, ಎಂಜಿನ್ ಕಡೆಯ ಹಾರ್ನೆಸ್ಸನ್ನು ಮಾತ್ರ ಕತ್ತರಿಸಿಕೊಂಡು ಬಂದು ಹಳೇ ಕಾರಿನ ತಂತಿಗಳಿಗೆ ಜೋಡಿಸುವುದು. ಇದು ಬೇಗ ಆಗುತ್ತದೆ. ಮೂರು, ಹೊರಗಿನಿಂದ ಬೇರೆಯದೇ ಇ.ಸಿ.ಯು. ಮತ್ತು ಅದರ ಹಾರ್ನೆಸ್ ತರಿಸುವುದು. ಅದಕ್ಕೆ ಲ್ಯಾಪ್‌ಟಾಪ್ ಹಿಡಿದು ಟ್ಯೂನಿಂಗ್ ಮಾಡುವವರು ಬೇಕು. ನಮ್ಮ ಕಡೆ ಅಂಥವರು ನನಗೆ ಗೊತ್ತಿರಲಿಲ್ಲ.

ಒಂದು ಶುಕ್ರವಾರ ನಾನೂ ಮುನೀರನೂ ಚನ್ನರಾಯಪಟ್ಟಣಕ್ಕೆ ಹೋದೆವು. ಯಾರ್ಡಿನ ಯಜಮಾನ ಒಳ್ಳೆಯ ಮನುಷ್ಯ. "ಸಾ, ಡ್ಯಾಶ್ ಬಿಚ್ಕಳಿ ಬೇಕಾದ್ರೆ. ಗಾಡಿ ಎಲ್ಲೂ ಓಗಕಿಲ್ಲ, ನಾಳೆನೂ ಬನ್ನಿ" ಎಂದ. ನಾಳೆ ಬರಲು ನನಗೆ ಮನಸ್ಸಿರಲಿಲ್ಲ. ಹಿಂದಿನ ದಿನ ಗುರುವಾರವಷ್ಟೇ ಪಿಕಪ್ಪಿನ ಹಿಂದೆ ಟಾರ್ಪಾಲಿನ್ ಕೆಳಗೆ ಮಲಗಿದ್ದ ತಿಮ್ಮೇಗೌಡರನ್ನು ನೋಡಿದ್ದೆ. ಅವರಿಗಾಗಿಯೇ ಅವಸರ ಮಾಡುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಜೇಬಿನಿಂದ ಕಟಿಂಗ್ ಪ್ಲೇಯರ್ ತೆಗೆದು ಎಂಜಿನ್ನಿಗೂ ಡ್ಯಾಶಿಗೂ ನಡುವಿನ ತಗಡಿನ ಹತ್ತಿರ ಆ ದಪ್ಪ ತಂತಿಯ ಕಟ್ಟನ್ನು ಕತ್ತರಿಸಿದೆ. ಇ.ಸಿ.ಯು., ಕೀಲಿ, ಆ ಕೀಲಿಯನ್ನು ಗುರುತು ಹಿಡಿಯುವ ಇಮೊಬಿಲೈಸರ್ ಪೆಟ್ಟಿಗೆ, ಇಷ್ಟನ್ನು ಮಾತ್ರ ಜೋಪಾನವಾಗಿ ತೆಗೆದುಕೊಂಡೆ. ಆ ಪೆಟ್ಟಿಗೆ ಇಲ್ಲದಿದ್ದರೆ ಎಂಜಿನ್ ಎರಡು ಸೆಕೆಂಡ್ ಓಡಿ ನಿಂತುಬಿಡುತ್ತದೆ.

ಮುನೀರ್ ಒಂದು ಮಾತು ಕೇಳಿದ. "ಭಾಯ್, ಪೂರಾ ಬಿಚ್ಚೋಣ ಅಂದಿದ್ರಲ್ಲ?"

"ನಾಲ್ಕು ಜಾಯಿಂಟ್ ನನಗೆ ದೊಡ್ಡದಾ?" ಎಂದೆ.

ಹತ್ತು ದಿನದಲ್ಲಿ ಕಾರು ಸ್ಟಾರ್ಟ್ ಆಯಿತು. ಪೆಟ್ರೋಲ್ ಟ್ಯಾಂಕಿನಲ್ಲಿ ಹೊಸ ಪಂಪ್ ಕೂರಿಸಿದ್ದೆವು. ರೇಡಿಯೇಟರ್ ಮುಂದೆ ಎಲೆಕ್ಟ್ರಿಕ್ ಫ್ಯಾನ್. ಇ.ಸಿ.ಯು.ಗೂ ಫ್ಯಾನಿಗೂ ಕರೆಂಟನ್ನು ಹಳೇ ಕಾರಿನ ಕೀ ಸ್ವಿಚ್ಚಿನಿಂದ ಬರುವ ತಂತಿಯಿಂದಲೇ ಕೊಟ್ಟೆ. ಅರ್ಥಿಂಗ್, ಅಂದರೆ ಕರೆಂಟು ಬ್ಯಾಟರಿಗೆ ವಾಪಸು ಹೋಗುವ ದಾರಿ, ಅದನ್ನು ಹಳೇ ಬಾಡಿಯ ಒಂದು ಬೋಲ್ಟಿಗೆ ಕಟ್ಟಿದೆ. ಎಂಜಿನ್ನಿನಲ್ಲಿ ದೋಷ ಬಂದರೆ ಹತ್ತುವ ಎಚ್ಚರಿಕೆಯ ದೀಪ, ಸ್ಕ್ಯಾನರ್ ಸಿಕ್ಕಿಸಿ ದೋಷ ಓದುವ ಸಾಕೆಟ್, ಎರಡೂ ಚನ್ನರಾಯಪಟ್ಟಣದಲ್ಲೇ ಡ್ಯಾಶಿನೊಳಗೆ ಉಳಿದಿದ್ದವು. ಆಮೇಲೆ ಹಾಕಿದರಾಯಿತು ಎಂದು ಬಿಟ್ಟೆ. ಒಂದು ಬೆಳಿಗ್ಗೆ ತಂಪು ಹೊತ್ತಿನಲ್ಲಿ ಹತ್ತಿರದ ಬೂವನಹಳ್ಳಿ ತನಕ ಓಡಿಸಿ ಬಂದೆ. ಬೆಣ್ಣೆಯ ಹಾಗೆ ಓಡಿತು. ಶನಿವಾರ ಗಾಡಿ ಕೊಟ್ಟೆ.

ಸೋಮವಾರ ಸರಿಯಾಗಿ ಬಂದು ಹೋದರು. ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ಫೋನ್ ಬಂತು. ಹೊಳೆನರಸೀಪುರದ ಪೇಟೆಯ ನಡುವೆ ಗಾಡಿ ನಿಂತಿದೆ. "ಎಂಗಿತ್ತೋ ಅಂಗೇ ಆಫ್ ಆಗ್ಬುಡ್ತು ಅಣ್ಣ" ಎಂದರು ಜಯಮ್ಮ. ಹತ್ತು ನಿಮಿಷ ಬಿಟ್ಟು ನೋಡಿ ಎಂದೆ. ಬಿಟ್ಟು ನೋಡಿದಾಗ ಸ್ಟಾರ್ಟ್ ಆಯಿತು. ಆಸ್ಪತ್ರೆಗೆ ತಡವಾದರೂ ಅವತ್ತು ಮಷೀನ್ ಸಿಕ್ಕಿತು.

ಬಿಸಿಯಾದಾಗ ನಿಂತು, ಆರಿದ ಮೇಲೆ ಸ್ಟಾರ್ಟ್ ಆಗುವುದು ಕ್ರ್ಯಾಂಕ್ ಸೆನ್ಸರ್ ಕೆಟ್ಟಾಗಿನ ಲಕ್ಷಣ. ಎಂಜಿನ್ ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂದು ಇ.ಸಿ.ಯು.ಗೆ ತಿಳಿಸುವ ಸೆನ್ಸರ್ ಅದು. ಶುಕ್ರವಾರ ಗಾಡಿ ತರಿಸಿ ಹೊಸದು ಹಾಕಿದೆ. ಅಂಗಡಿಯಲ್ಲಿ ಬಾನೆಟ್ ತೆರೆದು ಅರ್ಧ ಗಂಟೆ ಓಡಿಸಿದೆ. ಫ್ಯಾನ್ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಏನೂ ತೊಂದರೆ ಕಾಣಲಿಲ್ಲ. ನಿಜ ಹೇಳಬೇಕೆಂದರೆ, ಗಾಡಿ ನಿಂತಾಗ ಏನಾಯಿತು ಎಂದು ಓದಲು ನನ್ನ ಬಳಿ ಸಾಕೆಟ್ಟೇ ಇರಲಿಲ್ಲ. ಕಣ್ಣು ಕಟ್ಟಿಕೊಂಡು ಬಾಣ ಬಿಟ್ಟಿದ್ದೆ. ಆದರೆ ಜಯಮ್ಮನಿಗೆ ಹೇಳಿದ್ದು ಬೇರೆ.

"ಸೆನ್ಸರ್ ಓಗಿತ್ತು. ಗುಜರಿ ಎಂಜಿನ್ ಅಲ್ವ, ಅಂಗೇ. ಈಗ ಧೈರ್ಯವಾಗಿ ಓಡ್ಸಿ."

ಅವರು ಧೈರ್ಯವಾಗಿಯೇ ಓಡಿಸಿಕೊಂಡು ಹೋದರು. ನನಗೆ ಮಾತ್ರ ಧೈರ್ಯ ಇರಲಿಲ್ಲ. ಸೋಮವಾರ ಪೂರ್ತಿ ಫೋನ್ ಮೇಜಿನ ಮೇಲಿಟ್ಟುಕೊಂಡು ಕೂತಿದ್ದೆ. ಅದು ರಿಂಗಾದಾಗಲೆಲ್ಲ ಮೊದಲು ನಂಬರ್ ನೋಡುತ್ತಿದ್ದೆ. ಅವತ್ತು ಏನೂ ಆಗಲಿಲ್ಲ.

ಗುರುವಾರ ಹತ್ತು ಗಂಟೆಯ ಹೊತ್ತಿಗೆ ಫೋನ್ ಬಂತು. ಜಯಮ್ಮನ ನಂಬರ್. ಮಾತನಾಡಿದ್ದು ಬೇರೆ ಯಾರೋ ಗಂಡಸು.

"ಸಾ, ಈಯಮ್ಮನ ಕಾರು ಒಳೆನರಸೀಪುರ ದಾಟಿದ್ ಮೇಲೆ ಸಿಗೋ ರೈಲ್ವೆ ಗೇಟಲ್ಲಿ ನಿಂತೋಗದೆ. ತಳ್ಳಿ ಈಚೆಗೆ ತಂದಿದೀವಿ. ಈಯಮ್ಮಂಗೆ ಮಾತಾಡಕಾಯ್ತಿಲ್ಲ."

ಬೈಕ್ ಹತ್ತಿದೆ. ಆ ದಾರಿ ನನಗೆ ಈಗಲೂ ನೆನಪಿಲ್ಲ. ತಲುಪಿದಾಗ ಕಾರು ಗೇಟಿನಿಂದ ಈಚೆ ಇಪ್ಪತ್ತು ಅಡಿ ದೂರದಲ್ಲಿ, ಬೇಲಿಗೆ ಒತ್ತಿಕೊಂಡು ನಿಂತಿತ್ತು. ತಿಮ್ಮೇಗೌಡರು ಒಳಗೇ ಕೂತಿದ್ದರು. ಜಯಮ್ಮ ರಸ್ತೆ ಬದಿಯ ಕಲ್ಲಿನ ಮೇಲೆ. ಆಗಿದ್ದು ಇಷ್ಟು: ಗೇಟ್ ಹಾಕಿತ್ತು. ಹದಿನೈದು ನಿಮಿಷ ಎಂಜಿನ್ ಆಫ್ ಮಾಡದೆ ಕಾದರು. ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗುತ್ತದೋ ಇಲ್ಲವೋ ಎಂಬ ಹೆದರಿಕೆ. ರೈಲು ಹೋಯಿತು, ಗೇಟ್ ಎತ್ತಿದರು, ಗಾಡಿಗಳು ಹೊರಟವು. ಇವರ ಕಾರಿನ ಮುಂದಿನ ಚಕ್ರ ಹಳಿ ದಾಟಿತು. ಹಿಂದಿನ ಚಕ್ರ ಹಳಿಗಳ ನಡುವೆ ಇರುವಾಗ ಎಂಜಿನ್ ನಿಂತಿತು. ಗಂಡನದು ಇಳಿದು ಓಡುವ ಕಾಲಲ್ಲ. ಜಯಮ್ಮ ತಾವೂ ಇಳಿಯಲಿಲ್ಲ. ಕೀ ತಿರುಗಿಸುತ್ತಲೇ ಇದ್ದರಂತೆ. ಹಿಂದಿನ ಗಾಡಿಯವರು ಇಳಿದು ಬಂದು ತಳ್ಳಿದರು.

ಗೇಟ್‌ಮನ್ ನನ್ನ ಮುಖ ನೋಡಿ ಸಮಾಧಾನ ಹೇಳಿದ. ಈ ಗೇಟ್ ಮುಚ್ಚಿ ಬೀಗ ಬೀಳದೆ ಸಿಗ್ನಲ್ ಕೊಡಲು ಆಗುವುದೇ ಇಲ್ಲ, ಆದ್ದರಿಂದ ರೈಲು ಬರುವ ಮಾತೇ ಇರಲಿಲ್ಲ ಎಂದ. ಸರಿ. ಆದರೆ ಹಳಿಯ ಮೇಲೆ ಕೀ ತಿರುಗಿಸುತ್ತಿದ್ದ ಜಯಮ್ಮನಿಗೆ ಅದು ಗೊತ್ತಿರಲಿಲ್ಲವಲ್ಲ.

ಕಾರು ಮತ್ತೆ ಸ್ಟಾರ್ಟ್ ಆಯಿತು. ಬೈಕನ್ನು ಗೇಟಿನ ಹತ್ತಿರ ಬಿಟ್ಟು, ಎರಡು ಮೂರು ಕಡೆ ನಿಲ್ಲಿಸಿ ಎಂಜಿನ್ ಆರಲು ಬಿಡುತ್ತಾ, ನಾನೇ ಓಡಿಸಿಕೊಂಡು ಹಾಸನಕ್ಕೆ ತಂದೆ. ಆಸ್ಪತ್ರೆ ಮುಟ್ಟಿದಾಗ ಹನ್ನೆರಡೂವರೆ. ಅವರ ಸರದಿ ಬೇರೆಯವರಿಗೆ ಹೋಗಿತ್ತು. ಅದರಲ್ಲಿ ಆಸ್ಪತ್ರೆಯವರ ತಪ್ಪೇನೂ ಇಲ್ಲ, ಕಾಯುವವರು ಬಹಳ. ಮರುದಿನ ಬೆಳಿಗ್ಗೆ ಏಳಕ್ಕೆ ಬನ್ನಿ ಎಂದರು. ಆ ಒಂದು ದಿನಕ್ಕೆ ತಿಮ್ಮೇಗೌಡರ ಪಾದಗಳು ಊದಿಕೊಂಡವು. ಮಲಗಿದರೆ ಉಸಿರು ಸಿಗದು, ಕೂತೇ ಇರಬೇಕು. ಊರಿಗೆ ಹೋಗಿ ಬರುವುದು ಬೇಡವೆಂದು ಅವರನ್ನು ನಮ್ಮ ಮನೆಗೇ ಕರೆದುಕೊಂಡು ಹೋದೆ. ನನ್ನ ಹೆಂಡತಿ ಕುರ್ಚಿಗೆ ದಿಂಬು ಇಟ್ಟು ಕೂರಿಸಿದಳು. ಅವರು ಒಂದೊಂದು ಉಸಿರನ್ನೂ ಎಳೆದುಕೊಳ್ಳುತ್ತಿದ್ದುದನ್ನು ನಾನು ಎದುರಿಗೇ ಕೂತು ಕೇಳಿದೆ. ಕುಡಿಯಲು ನೀರು ಕೇಳಿದರು. ಜಯಮ್ಮ ಎರಡು ಗುಟುಕಿಗಿಂತ ಹೆಚ್ಚು ಕೊಡಲಿಲ್ಲ, ಕೊಡುವ ಹಾಗಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಮಷೀನಿಗೆ ಹಾಕಿ ಎರಡು ಗಂಟೆ ಆದ ಮೇಲೆ ನನ್ನನ್ನು ಒಳಗೆ ಬಿಟ್ಟರು. ಮುಖ ಸ್ವಲ್ಪ ತಿಳಿಯಾಗಿತ್ತು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದೆ. ಎಲ್ಲ ಮರೆತು ಹೋಯಿತು.

"ಗೌಡ್ರೇ, ಸೆನ್ಸರ್ ಅಂತ ಹೇಳಿದ್ದು ಸುಳ್ಳು. ಏನು ಆಗ್ತಿದೆ ಅಂತ ನನಗೆ ಗೊತ್ತಾಗಿರ್ಲಿಲ್ಲ. ಎಂಜಿನ್ ಚೆನ್ನಾಗಿದೆ. ನನ್ನ ವೈರಿಂಗ್‌ನಲ್ಲೇ ತಪ್ಪಿರ್ಬೇಕು."

ಅವರು ಬಯ್ಯುತ್ತಾರೆ ಎಂದುಕೊಂಡಿದ್ದೆ. ಬಯ್ಯಲಿಲ್ಲ.

"ನಾನೂ ಮೂವತ್ತು ವರ್ಷ ಗಾಡಿ ಓಡ್ಸಿದೀನಿ ಕಣಣ್ಣ. ಇಲ್ಲಿ ನಾಕ್ ಗಂಟೆ ಮನೀಕಂಡಿರ್ತೀನಲ್ಲ, ಅದನ್ನೇ ಯೋಚ್ನೆ ಮಾಡ್ತಿದ್ದೆ. ನಿಲ್ಲಕ್ಕೆ ಮುಂಚೆ ಒಂದ್ ಸದ್ದು ಬತ್ತದೆ. ಜುಂಯ್ ಅಂತ. ಆ ಹೊಸಾ ಫ್ಯಾನು. ಅದು ಸುರುವಾಯ್ತಿದ್ದಂಗೇ ಎಂಜಿನ್ ಸತ್ತೋಯ್ತದೆ. ಎರಡ್ ಸಲಾನೂ ಅಂಗೇ."

ಅವರ ಹಳೇ ಎಂಜಿನ್ನಿನಲ್ಲಿ ಫ್ಯಾನು ಬೆಲ್ಟಿನಿಂದ ಸದಾ ತಿರುಗುತ್ತಿತ್ತು. ಇದ್ದಕ್ಕಿದ್ದಂತೆ ಶುರುವಾಗುವ ಫ್ಯಾನಿನ ಸದ್ದು ಅವರ ಕಿವಿಗೆ ಹೊಸದು. ನನ್ನ ಕಿವಿಗೆ ಅದು ದಿನವೂ ಕೇಳುವ ಸದ್ದು, ಹಾಗಾಗಿ ನಾನು ಕೇಳಿಸಿಕೊಂಡೇ ಇರಲಿಲ್ಲ.

"ಆದ್ರೆ ಅಂಗಡೀಲಿ ಫ್ಯಾನ್ ತಿರುಗಿದಾಗ ನಿಲ್ಲಲಿಲ್ಲ ಗೌಡ್ರೇ."

ಬಾಗಿಲ ಹತ್ತಿರ ನಿಂತಿದ್ದ ಜಯಮ್ಮ ಆಗ ಬಾಯಿ ಬಿಟ್ಟರು. "ಇವ್ರಿಗೆ ಸೆಕೆ ಅಂತ ಡ್ಯಾಶ್ ಮೇಲಿನ್ ಪುಟ್ ಫ್ಯಾನ್ ಆಕಿರ್ತೀನಿ ಅಣ್ಣ. ಗೇಟಲ್ಲಿ ಬ್ರೇಕೂ ಒತ್ಕಂಡೇ ಇದ್ದೆ, ಇಳಿಜಾರು ಅಲ್ವ."

ನನಗೆ ಅಲ್ಲೇ ಅರ್ಧ ಅರ್ಥವಾಯಿತು. ಅಂಗಡಿಗೆ ಬಂದು ಮೀಟರ್ ತೆಗೆದೆ. ಅದರಲ್ಲಿ ಅತಿ ಕಡಿಮೆ ಎಷ್ಟಕ್ಕೆ ಇಳಿಯಿತು ಎಂಬುದನ್ನು ಹಿಡಿದಿಟ್ಟುಕೊಳ್ಳುವ ಒಂದು ಗುಂಡಿ ಇದೆ. ಮೀಟರಿನ ಒಂದು ಕಡ್ಡಿಯನ್ನು ಇ.ಸಿ.ಯು.ಗೆ ಕರೆಂಟು ಬರುವ ಪಿನ್ನಿಗೆ, ಇನ್ನೊಂದನ್ನು ಅದರ ಅರ್ಥಿಂಗ್ ಪಿನ್ನಿಗೆ ಸಿಕ್ಕಿಸಿದೆ. ಬಾನೆಟ್ ಮುಚ್ಚಿದೆ. ಡ್ಯಾಶಿನ ಪುಟ್ಟ ಫ್ಯಾನ್ ಹಾಕಿ ಮುನೀರನನ್ನು ಬ್ರೇಕ್ ಒತ್ತಿಕೊಂಡು ಕೂರಲು ಹೇಳಿದೆ. ಮಧ್ಯಾಹ್ನದ ಬಿಸಿಲು. ಬ್ಯಾಟರಿಯಲ್ಲಿ 13.9 ವೋಲ್ಟ್ ಇದ್ದರೆ ಇ.ಸಿ.ಯು. ಹತ್ತಿರ ಆಗಲೇ 11.2. ಎಲ್ಲೋ ದಾರಿಯಲ್ಲೇ ಸೋರಿಹೋಗುತ್ತಿತ್ತು. ಇಪ್ಪತ್ತು ನಿಮಿಷ ಕಾದೆವು. ಜುಂಯ್ ಎಂದು ರೇಡಿಯೇಟರ್ ಫ್ಯಾನ್ ಶುರುವಾಯಿತು. ಎಂಜಿನ್ ಸತ್ತಿತು.

ಮೀಟರ್ ನೋಡಿದೆ. 6.4.

ಫ್ಯಾನು ಶುರುವಾಗುವ ಆ ಒಂದು ಕ್ಷಣಕ್ಕೆ ಬಹಳ ಕರೆಂಟ್ ಎಳೆಯುತ್ತದೆ. ನಾನು ಫ್ಯಾನಿಗೂ ಇ.ಸಿ.ಯು.ಗೂ ಒಂದೇ ಹಳೇ ತಂತಿಯಿಂದ, ಸವೆದ ಅದೇ ಕೀ ಸ್ವಿಚ್ಚಿನಿಂದ ಕರೆಂಟ್ ಕೊಟ್ಟಿದ್ದೆ. ವಾಪಸು ಹೋಗುವ ದಾರಿಯೂ ಎರಡಕ್ಕೂ ತುಕ್ಕು ಹಿಡಿದ ಒಂದೇ ಬೋಲ್ಟು. ಬ್ರೇಕ್ ದೀಪ, ಪುಟ್ಟ ಫ್ಯಾನು, ಬಿಸಿಲಿಗೆ ಕಾದ ತಂತಿ, ಇವೆಲ್ಲ ಸೇರಿದಾಗ ಇ.ಸಿ.ಯು.ಗೆ ಉಸಿರಾಡಲು ಬೇಕಾದಷ್ಟು ವೋಲ್ಟೇಜ್ ಸಿಗುತ್ತಿರಲಿಲ್ಲ. ತಂಪು ಹೊತ್ತಿನಲ್ಲಿ ಬೂವನಹಳ್ಳಿ ತನಕ ಓಡಿಸಿದಾಗ ಗಾಳಿಗೆ ರೇಡಿಯೇಟರ್ ತಣ್ಣಗಿತ್ತು, ಫ್ಯಾನೇ ತಿರುಗಿರಲಿಲ್ಲ.

ದೋಷ ಸಿಕ್ಕಿದರೆ ಸಾಮಾನ್ಯವಾಗಿ ನಮ್ಮಂಥವರಿಗೆ ಹಬ್ಬ. ಅವತ್ತು ನಾನು ಕೀ ಆಫ್ ಮಾಡಿ ಕಾರಿನ ಪಕ್ಕ ನೆಲದ ಮೇಲೆ ಕೂತೆ. ಮುನೀರ್ ಹೋಗಿ ಎರಡು ಟೀ ತಂದ.

ಈಗ ಮತ್ತೆ ಎರಡು ದಾರಿ. ದಪ್ಪ ತಂತಿ ಎಳೆದು, ಫ್ಯಾನಿಗೆ ಬೇರೆಯಾಗಿ ಕರೆಂಟ್ ಕೊಡುವ ರಿಲೇ ಎಂಬ ಸ್ವಿಚ್ಚೊಂದನ್ನು ಹಾಕಿ, ಬೋಲ್ಟ್ ಉಜ್ಜಿ ಕೊಟ್ಟರೆ ಸೋಮವಾರಕ್ಕೆ ಗಾಡಿ ತಯಾರು. ಈ ದೋಷ ಹೋಗಬಹುದು. ಆದರೆ ನಾನು ಕತ್ತರಿಸಿ ಜೋಡಿಸಿದ್ದು ನಾಲ್ಕು ಜಾಯಿಂಟ್ ಆಗಿರಲಿಲ್ಲ, ಮೂವತ್ತೊಂದು. ಒಂದೊಂದೂ ಯಾವ ದಿನ ಸಡಿಲವಾಗುತ್ತದೋ ಹೇಳಲಾಗದು. ಇಲ್ಲವೇ, ಎಲ್ಲವನ್ನೂ ಕಿತ್ತುಹಾಕಿ, ಕತ್ತರಿಸದ ಇಡೀ ಹಾರ್ನೆಸ್ ತಂದು ಮೊದಲಿನಿಂದ ಮಾಡುವುದು. ಅದಕ್ಕೆ ಎಂಟು ದಿನ ಬೇಕು. ಅಂದರೆ ಸೋಮವಾರ, ಗುರುವಾರ ಮತ್ತೆ ಪಿಕಪ್.

ಇದನ್ನು ನಾನೊಬ್ಬನೇ ತೀರ್ಮಾನಿಸುವುದು ಬೇಡವೆನಿಸಿತು. ಜಯಮ್ಮನನ್ನು ಕೂರಿಸಿಕೊಂಡು, ಕತ್ತರಿಸಿದ ತಂತಿಗಳನ್ನು ತೋರಿಸಿ, ಎರಡನ್ನೂ ವಿವರಿಸಿದೆ. ಯಾವುದನ್ನೂ ಮುಚ್ಚಿಡಲಿಲ್ಲ. ಅವರು ಟೇಪ್ ಸುತ್ತಿದ ಜಾಯಿಂಟೊಂದನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಪಿಕಪ್‌ನಲ್ಲೇ ಬತ್ತೀವಿ ಬಿಡಿ. ಅದು ನಡೂ ದಾರೀಲಿ ನಿಲ್ಲಕಿಲ್ಲ" ಎಂದರು.

ಅದಕ್ಕಿಂತ ಕಠಿಣವಾದ ಮಾತನ್ನು ಗಿರಾಕಿಯೊಬ್ಬರಿಂದ ನಾನು ಕೇಳಿಲ್ಲ. ಅವರೇನೂ ಚುಚ್ಚಲು ಹೇಳಿದ್ದಲ್ಲ.

ಮರುದಿನ ಬೆಳಿಗ್ಗೆ ಆರಕ್ಕೆ ಚನ್ನರಾಯಪಟ್ಟಣದ ಬಸ್ ಹತ್ತಿದೆ. ನಾನು ಕತ್ತರಿಸಿದ್ದ ಕಾರಿನ ಹಾರ್ನೆಸ್ ಇನ್ನು ಯಾವುದಕ್ಕೂ ಬಾರದು. ಯಾರ್ಡಿನಲ್ಲಿ ಅದೇ ಮಾದರಿಯ ಇನ್ನೊಂದು ಕಾರಿತ್ತು. ಪಕ್ಕದಿಂದ ಏಟು ತಿಂದದ್ದು, ಮುಂಭಾಗ ಚೆನ್ನಾಗಿತ್ತು. ಯಾರ್ಡಿನವನು ಏನೂ ಕೇಳದೆ ನೆರಳಿಗೆ ಒಂದು ತಗಡು ಅಡ್ಡ ಇಟ್ಟುಕೊಟ್ಟ. ಡ್ಯಾಶ್‌ಬೋರ್ಡ್ ಬಿಚ್ಚಲು ಏಳು ಗಂಟೆ ಹಿಡಿಯಿತು. ಪ್ರತಿ ಕ್ಲಿಪ್ಪನ್ನೂ ಉಗುರಿನಲ್ಲಿ ಎತ್ತಿ ಬಿಡಿಸಿದೆ. ಬೇಕೆಂದೇ ಕಟಿಂಗ್ ಪ್ಲೇಯರನ್ನು ಅಂಗಡಿಯಲ್ಲಿ ಬಿಟ್ಟು ಬಂದಿದ್ದೆ. ಕೊನೆಗೆ ಇಡೀ ಹಾರ್ನೆಸ್, ಫ್ಯೂಸ್ ಬಾಕ್ಸ್ ಸಮೇತ, ಒಂದು ಗೋಣಿಚೀಲ ತುಂಬ ಬಂತು. ಸಂಜೆ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದೆ.

ಅಂಗಡಿಯ ನೆಲದ ಮೇಲೆ ಅದನ್ನು ಹರಡಿ ಎರಡು ದಿನ ಕೂತೆ. ಎರಡು ಕಾರುಗಳ ಇಸವಿ ಬೇರೆಯಾಗಿದ್ದರಿಂದ ಎರಡು ಕನೆಕ್ಟರ್‌ಗಳಲ್ಲಿ ವ್ಯತ್ಯಾಸ ಇತ್ತು. ಪ್ರತಿ ಪಿನ್ನನ್ನೂ ಮೀಟರಿನಿಂದ ನೋಡಿ ಕಾಗದದಲ್ಲಿ ಬರೆದುಕೊಂಡೆ. ಪವರ್ ವಿಂಡೋ, ಏರ್‌ಬ್ಯಾಗ್ ತಂತಿಗಳು ಈ ಕಾರಿಗೆ ಬೇಡ. ಅವನ್ನು ಕನೆಕ್ಟರಿನಿಂದ ಪಿನ್ ಸಮೇತ ಎಳೆದು ತೆಗೆದೆ. ಹಳೇ ಕಾರಿನ ವೈರಿಂಗ್ ಇನ್ನು ಮುಂದೆ ಲೈಟು, ಹಾರ್ನು, ಡ್ಯಾಶಿನ ಪುಟ್ಟ ಫ್ಯಾನು ಇಷ್ಟಕ್ಕೆ ಮಾತ್ರ. ಎಂಜಿನ್ ಕಡೆಗೆ ಅದರದೇ ಫ್ಯೂಸ್ ಬಾಕ್ಸ್, ಬ್ಯಾಟರಿಯಿಂದ ನೇರ ಬರುವ ದಪ್ಪ ತಂತಿ, ಬಣ್ಣ ಕೆರೆದು ಹೊಳೆಯುವ ಕಬ್ಬಿಣಕ್ಕೆ ಬಿಗಿದ ಮೂರು ಅರ್ಥಿಂಗ್. ಹಳೆಯದಕ್ಕೂ ಹೊಸದಕ್ಕೂ ನಡುವೆ ಒಂದೇ ಒಂದು ತಂತಿ ಉಳಿಯಿತು: ಕೀ ಆನ್ ಆಗಿದೆ ಎಂದು ತಿಳಿಸುವ ತಂತಿ. ಸ್ಟೇರಿಂಗ್ ಕೆಳಗೆ ಸ್ಕ್ಯಾನರ್ ಸಾಕೆಟ್, ಡ್ಯಾಶಿನಲ್ಲಿ ಎಚ್ಚರಿಕೆಯ ದೀಪ.

ಆಮೇಲೆ ನಡು ಮಧ್ಯಾಹ್ನ ಬಿಸಿಲಿನಲ್ಲಿ ನಿಲ್ಲಿಸಿ, ಬಾನೆಟ್ ಮುಚ್ಚಿ, ಇರುವ ಎಲ್ಲ ಸ್ವಿಚ್ಚೂ ಹಾಕಿ, ಬ್ರೇಕಿನ ಮೇಲೆ ಇಟ್ಟಿಗೆ ಇಟ್ಟು ಎರಡು ಗಂಟೆ ಓಡಿಸಿದೆ. ಫ್ಯಾನು ಹದಿನೇಳು ಸಲ ಶುರುವಾಯಿತು. ಮೀಟರ್ ಹದಿಮೂರಕ್ಕಿಂತ ಕೆಳಗೆ ಇಳಿಯಲಿಲ್ಲ. ಮುನೀರ್ ನಗುತ್ತಾ ಬೆನ್ನು ತಟ್ಟಿದ. ನನಗೆ ನಗು ಬರಲಿಲ್ಲ. ಹಿಂದಿನ ಸಲವೂ ಅಂಗಡಿಯಲ್ಲಿ ಎಲ್ಲ ಸರಿಯಾಗಿಯೇ ಇತ್ತಲ್ಲ.

ಆದ್ದರಿಂದ ಭಾನುವಾರ ಗಾಡಿ ಕೊಟ್ಟು ಕಳಿಸಿದರೂ, ಸೋಮವಾರ ಬೆಳಿಗ್ಗೆ ನಾನೂ ಬಸ್ಸಿನಲ್ಲಿ ಹೊಳೆನರಸೀಪುರಕ್ಕೆ ಹೋಗಿ ಕಾದಿದ್ದು ಅವರ ಕಾರಿನ ಹಿಂದಿನ ಸೀಟಿನಲ್ಲಿ ಕೂತೆ. ಮುಂದೆ ಜಯಮ್ಮ, ಪಕ್ಕದಲ್ಲಿ ಕಾಲು ನೀಡಿಕೊಂಡು ತಿಮ್ಮೇಗೌಡರು. ಗೇಟಿನ ಹತ್ತಿರ ಬಂದಾಗ ಅದು ಹಾಕಿತ್ತು.

ಜಯಮ್ಮ ಬ್ರೇಕ್ ಒತ್ತಿ ನಿಂತರು. ಡ್ಯಾಶಿನ ಪುಟ್ಟ ಫ್ಯಾನ್ ತಿರುಗುತ್ತಲೇ ಇತ್ತು. ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಐದು ನಿಮಿಷ. ಹತ್ತು ನಿಮಿಷ. ಜುಂಯ್ ಎಂದು ಫ್ಯಾನ್ ಶುರುವಾಯಿತು. ಎಂಜಿನ್ ಒಂದಿಷ್ಟೂ ಅಲುಗಲಿಲ್ಲ. ಫ್ಯಾನ್ ನಿಂತಿತು, ಮತ್ತೆ ಶುರುವಾಯಿತು. ರೈಲು ಹೋಯಿತು. ಗೇಟ್ ಮೇಲೆದ್ದಿತು. ಜಯಮ್ಮ ಗಂಡನ ಕಡೆ ಒಮ್ಮೆಯೂ ತಿರುಗದೆ ಗೇರ್ ಹಾಕಿದರು. ಮುಂದಿನ ಚಕ್ರ ಹಳಿ ದಾಟಿತು, ಹಿಂದಿನದೂ ದಾಟಿತು. ಇನ್ನೂರು ಅಡಿ ಹೋದ ಮೇಲೆ ಅವರು ಬಿಟ್ಟ ಉಸಿರು ಹಿಂದಿನ ಸೀಟಿಗೂ ಕೇಳಿಸಿತು.

"ಗೌಡ್ರೇ, ಸದ್ದು ಎಂಗಿತ್ತು?" ಎಂದು ನಾನು ಕೇಳಿದೆ.

ಜಯಮ್ಮ ಆಗ ಪಕ್ಕಕ್ಕೆ ನೋಡಿ, ತುಟಿಯ ಮೇಲೆ ಬೆರಳಿಟ್ಟು ನನಗೆ ಸನ್ನೆ ಮಾಡಿದರು. ತಿಮ್ಮೇಗೌಡರು ಬಾಗಿಲಿಗೆ ತಲೆ ಆನಿಸಿಕೊಂಡು ನಿದ್ದೆ ಹೋಗಿದ್ದರು. ಹಾಸನ ಮುಟ್ಟುವ ತನಕ ನಾವಿಬ್ಬರೂ ಒಂದು ಮಾತೂ ಆಡಲಿಲ್ಲ. ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಆಸ್ಪತ್ರೆಯ ಮುಂದೆ ಇಳಿದೆವು.

ಆ ಕಾರು ಆಮೇಲೆ ದಾರಿಯಲ್ಲಿ ನಿಂತಿಲ್ಲ. ಅವರಿಬ್ಬರೂ ಇವತ್ತಿಗೂ ಸೋಮವಾರ ಗುರುವಾರ ಅದರಲ್ಲೇ ಬರುತ್ತಾರೆ. ವರ್ಷಕ್ಕೊಮ್ಮೆ ನಾನೇ ಕರೆದು ಅರ್ಥಿಂಗ್ ಬೋಲ್ಟುಗಳನ್ನು ಬಿಗಿ ಮಾಡಿ ಕಳಿಸುತ್ತೇನೆ.

ಎಂಜಿನ್ ಬದಲಿಸಲು ಬರುವವರಿಗೆ ಈಗ ನಾನು ಹೇಳುವುದು ಇಷ್ಟು: ಹೊಸ ಎಂಜಿನ್ನಿನ ಜೊತೆ ಅದರ ಹಾರ್ನೆಸ್ಸನ್ನು ಇಡಿಯಾಗಿ ತನ್ನಿ, ಅರ್ಧ ತರುವುದಾದರೆ ಬೇರೆ ಅಂಗಡಿ ನೋಡಿಕೊಳ್ಳಿ. ಇದು ಕೆಲಸದ ಪಾಠ, ಯಾರಾದರೂ ಕಲಿಸಬಹುದಾದದ್ದು. ನನಗೆ ಕಷ್ಟವಾಗಿ ಬಂದ ಪಾಠ ಬೇರೆ. ಆ ಮೊದಲ ಗುರುವಾರವೇ "ನನಗೆ ಗೊತ್ತಾಗುತ್ತಿಲ್ಲ" ಎಂದು ಹೇಳಿದ್ದರೆ ಅವರು ಆ ಕಾರಿನಲ್ಲಿ ಆ ಗೇಟಿಗೆ ಹೋಗುತ್ತಲೇ ಇರಲಿಲ್ಲ. ಹಾಗಾಗಿ ನಾನು ಕೆಲಸ ಮಾಡಿಕೊಟ್ಟ ಗಾಡಿ ದಾರಿಯಲ್ಲಿ ನಿಂತಿದೆ ಎಂದು ಯಾರಾದರೂ ಫೋನ್ ಮಾಡಿದರೆ, ಮೊದಲು ಗಾಡಿಯಲ್ಲಿ ಯಾರಿದ್ದೀರಿ, ಇಳಿದು ಪಕ್ಕಕ್ಕೆ ಬರಲು ಆಗುತ್ತದಾ ಎಂದು ಕೇಳುತ್ತೇನೆ. ಆಮೇಲೆ, ಕಾರಣ ಇನ್ನೂ ತಿಳಿಯದಿದ್ದರೂ, "ತಪ್ಪು ನನ್ನ ಕೆಲಸದಲ್ಲೇ ಇರಬಹುದು, ನಾನು ಬರುವ ತನಕ ಓಡಿಸಬೇಡಿ" ಎನ್ನುತ್ತೇನೆ.